ಸೀರೆ ಅದಲುಬದಲಾದ ದಿನ

ಅಕ್ಕ-ತಂಗಿಯರ ನಡುವೆ ಬಿರುಕು ಬಂದರೆ ಅದಕ್ಕೆ ಗಂಡಸೇ ಕಾರಣ ಅಂತ ನೀವೂ ನಂಬಿದ್ದೀರಾ? ನಾನಂತೂ ಮೂವತ್ತು ವರ್ಷ ಹಾಗೇ ನಂಬಿಕೊಂಡಿದ್ದೆ.

ನನ್ನನ್ನು ನೋಡಲು ಬಂದ ವರ ನನ್ನ ತಂಗಿಯನ್ನು ಮೆಚ್ಚಿದ. ದೊಡ್ಡವಳಿರುವಾಗ ಚಿಕ್ಕವಳನ್ನು ಕೊಡುವುದಿಲ್ಲ ಅಂದುಬಿಟ್ಟರು ಅಪ್ಪ. ಅವರಿಬ್ಬರೂ ಕದ್ದು ಕಾಗದ ಬರೆದುಕೊಂಡು, ಕೊನೆಗೆ ರಿಜಿಸ್ಟರ್ ಮದುವೆಯಾದರು. ಆ ಕಾಗದಗಳನ್ನು ಅವಳು ಬಚ್ಚಿಟ್ಟಿದ್ದು ಎಲ್ಲಿ ಗೊತ್ತೇ? ನನ್ನದೇ ಟ್ರಂಕಿನಲ್ಲಿ, ನನ್ನ ಸೀರೆಗಳ ಅಡಿಯಲ್ಲಿ! ಆಮೇಲೆ ನನಗೂ ಮದುವೆಯಾಯಿತು, ಹೊರಮಾವಿನಲ್ಲಿ ಮನೆಯೂ ಆಯಿತು. ಅವಳಿರುವುದು ಹಲಸೂರಿನಲ್ಲಿ. ದೂರವೇನಲ್ಲ. ಆದರೂ ಅವಳ ಹೊಸ್ತಿಲು ತುಳಿಯಲಿಲ್ಲ.

ಮೊನ್ನೆ ಮಗಳ ಕಪಾಟು ಒರೆಸುವಾಗ ಗಿರೀಶ ಕಾರ್ನಾಡರ ‘ಯಯಾತಿ’ ಸಿಕ್ಕಿತು. 1961ರಲ್ಲಿ ಅಚ್ಚಾದ, ಅವರ ಮೊದಲ ನಾಟಕ. ದೇವಯಾನಿ, ಶರ್ಮಿಷ್ಠೆಯರ ಕಥೆ ನಿಮಗೆ ಗೊತ್ತೇ ಇದೆ. ಒಡಹುಟ್ಟಿದವರಲ್ಲ, ಆದರೂ ಅಕ್ಕ-ತಂಗಿಯರಂತೆ ಬೆಳೆದ ಗೆಳತಿಯರು. ದೇವಯಾನಿಯ ಕೈಹಿಡಿದ ಯಯಾತಿ ಮುಟ್ಟಬಾರದೆಂದಿದ್ದ ಶರ್ಮಿಷ್ಠೆಯನ್ನು ಕೂಡಿದ. ಮಾವ ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬಂತು. ಅದನ್ನು ಹೊತ್ತವನು ಮಗ ಪುರು. ಕಾರ್ನಾಡರು ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಕೊಟ್ಟು, ದೊಡ್ಡವರ ಆಟಕ್ಕೆ ಆ ಹುಡುಗಿ ಪ್ರಾಣ ಕಳೆದುಕೊಳ್ಳುವ ಹಾಗೆ ಬರೆದಿದ್ದಾರೆ. ಓದಿ ಹೊಟ್ಟೆ ಕಿವುಚಿದಂತಾಯಿತು.

ಓದುತ್ತಾ ನಾನೇ ದೇವಯಾನಿ ಅಂದುಕೊಂಡೆ, ಮೋಸಹೋದವಳು. ಆದರೆ ಮಹಾಭಾರತದ ಕಥೆಯನ್ನು ಮೊದಲಿನಿಂದ ನೆನೆಸಿಕೊಂಡಾಗ ಮನಸ್ಸು ತಡೆಯಿತು. ಜಗಳ ಹುಟ್ಟಿದಾಗ ಯಯಾತಿ ಎಲ್ಲಿದ್ದ? ಕೊಳದ ದಂಡೆಯಲ್ಲಿ ಗಾಳಿಗೆ ಬಟ್ಟೆ ಬೆರೆತು, ಶರ್ಮಿಷ್ಠೆ ತಿಳಿಯದೆ ದೇವಯಾನಿಯ ಸೀರೆ ಉಟ್ಟಳು. ಅಷ್ಟಕ್ಕೇ ನೀನು ಮೇಲೋ ನಾನು ಮೇಲೋ ಅಂತ ಮಾತು ಬೆಳೆಯಿತು. ಶರ್ಮಿಷ್ಠೆ ಅವಳನ್ನು ಬಾವಿಗೆ ನೂಕಿದಳು. ಮೇಲೆತ್ತಲು ಯಯಾತಿ ಬಂದದ್ದು ಆಮೇಲೆ. ದೇವಯಾನಿ ಹಟ ಹಿಡಿದು ರಾಜಕುಮಾರಿಯನ್ನು ದಾಸಿ ಮಾಡಿಕೊಂಡಳು, ಗಂಡನ ಮನೆಗೂ ಕರೆದೊಯ್ದಳು.

ನಮ್ಮ ಮನೆಯಲ್ಲೇನು ಕಡಿಮೆಯಿತ್ತೇ? ನಾನು ಉಟ್ಟು ಬಿಟ್ಟದ್ದೇ ತಂಗಿಗೆ. ನನ್ನ ಎಂಜಲು ತಟ್ಟೆ ತೆಗೆಯುವವಳು ಅವಳು, ಬಾವಿಯಿಂದ ನೀರು ಸೇದುವವಳು ಅವಳು. ನಾನು ಇಷ್ಟಪಟ್ಟ ಹಸಿರು ಸೀರೆಯನ್ನು ಒಂದು ದಿನ ಕೇಳದೆ ಉಟ್ಟಳೆಂದು ನೆಂಟರ ಎದುರಿಗೇ ಬಿಚ್ಚಿಸಿದ್ದೆ. “ಅಕ್ಕಾ, ಸಂಜೆವರೆಗಾದ್ರೂ ಇರ್ಲಿ ಬಿಡೇ” ಅಂತ ಅತ್ತಿದ್ದಳು. ಅವಳು ಮಾಡಿದ್ದು ಸರಿ ಅನ್ನುವುದಿಲ್ಲ, ರೀ. ಕದ್ದದ್ದು ಕದ್ದದ್ದೇ. ಆದರೆ ಲೆಕ್ಕ ಶುರುವಾದದ್ದು ಆ ಕಾಗದಗಳಿಂದಲ್ಲ.

ಹೋದ ಭಾನುವಾರ ಒಂದು ಡಬ್ಬಿ ಒಬ್ಬಟ್ಟು, ಒಂದು ಹೊಸ ಹಸಿರು ಸೀರೆ ಹಿಡಿದುಕೊಂಡು ಹಲಸೂರಿಗೆ ಹೋದೆ. ಬಾಗಿಲು ತೆಗೆದವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಸೀರೆಯ ಮೇಲೆ ಕೈಯಾಡಿಸಿ, “ಇದು ನೀನು ಉಟ್ಟು ಬಿಟ್ಟಿದ್ದಲ್ಲ ತಾನೇ, ಅಕ್ಕಾ?” ಅಂದಳು.

ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಕಾಲಿಟ್ಟೆ. ನಿಮ್ಮ ಟ್ರಂಕಿನಲ್ಲೂ ಅಂಥದೊಂದು ಸೀರೆ ಇದೆಯೇ, ನೋಡಿಕೊಳ್ಳಿ.