ನೀರಿನ ಸ್ಕೂಟರ್

ನಮ್ಮ ಶಾಲೆಗೆ ಬೇಸಿಗೆ ರಜೆ ಬರುವ ಹೊತ್ತಿಗೆ ಅಮೆರಿಕದ ಮಿಶಿಗನ್‌ನಲ್ಲಿ ಸರೋವರಗಳ ಮೇಲಿನ ಮಂಜುಗಡ್ಡೆ ಕರಗಿರುತ್ತದೆ. ಆ ಒಂದೇ ರಾಜ್ಯದಲ್ಲಿ 11,000ಕ್ಕೂ ಹೆಚ್ಚು ಸರೋವರಗಳಿವೆ. ನಮ್ಮಲ್ಲಿ ಮನೆಮುಂದೆ ಸ್ಕೂಟರ್ ನಿಂತಿರುವ ಹಾಗೆ ಅಲ್ಲಿ ಎಷ್ಟೋ ಮನೆಗಳಲ್ಲಿ ದೋಣಿ. ನನ್ನ ತಂಗಿಯ ಮನೆಯಲ್ಲಿ ಇರುವುದಂತೂ ನೀರಿನ ಮೇಲೆ ಓಡುವ ಸ್ಕೂಟರೇ. ಜನ ಅದನ್ನು ಜೆಟ್ ಸ್ಕೀ ಎನ್ನುತ್ತಾರೆ. ಅದು ನಿಜವಾಗಿ ಕವಾಸಾಕಿ ಕಂಪನಿಯವರ ಹೆಸರು; ನಾವು ವನಸ್ಪತಿಗೆಲ್ಲ ಡಾಲ್ಡಾ ಎನ್ನುತ್ತಿರಲಿಲ್ಲವೇ, ಹಾಗೆ.

2023ರ ಏಪ್ರಿಲ್‌ನಲ್ಲಿ ನಾನು ಹೋದದ್ದು ಊರು ನೋಡಲಿಕ್ಕಲ್ಲ. ತಂಗಿಯ ಯಜಮಾನರು ಆ ಜನವರಿಯಲ್ಲಿ ತೀರಿಕೊಂಡಿದ್ದರು. ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ನಿಂತಿದ್ದ ವಾಹನವನ್ನು ಮಾರಿಬಿಡಬೇಕೆಂದು ತಂಗಿ, ಕೂಡದೆಂದು ಹದಿನೈದು ವರ್ಷದ ಅವಳ ಮಗಳು. "ದೊಡ್ಡಮ್ಮ, ನೀನಾದ್ರೂ ಹೇಳು" ಎಂದು ಹುಡುಗಿ ನನ್ನನ್ನು ನಡುವೆ ಎಳೆದಳು. ಮಾರುವುದಕ್ಕಾದರೂ ಅದು ಓಡಬೇಕಲ್ಲ, ಮೊದಲು ಸರಿಮಾಡೋಣ ಎಂದೆ. ಇಷ್ಟು ವರ್ಷ ಪಾಠ ಹೇಳಿದವಳಿಗೆ ಜಗಳವನ್ನು ಮುಂದಕ್ಕೆ ಹಾಕುವ ವಿದ್ಯೆಯಾದರೂ ಬಂದಿರುತ್ತದೆ!

ಗ್ಯಾರೇಜಿನ ಕಪಾಟಿನಲ್ಲಿ ಅವರದೊಂದು ನೋಟ್‌ಬುಕ್ ಸಿಕ್ಕಿತು. ಅಕ್ಟೋಬರಿನಲ್ಲಿ ವಾಹನ ಮುಚ್ಚಿಡುವಾಗ ಏನೇನು ಮಾಡಿದ್ದರೋ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದರು. ಅಲ್ಲಿಯ ಚಳಿಯಲ್ಲಿ ಎಂಜಿನ್ನಿನೊಳಗೆ ನೀರು ಉಳಿದರೆ ಅದು ಹೆಪ್ಪುಗಟ್ಟಿ, ಹಿಗ್ಗಿ, ಕಬ್ಬಿಣವನ್ನೇ ಸೀಳುತ್ತದೆಯಂತೆ. ಅದಕ್ಕೇ ನೀರು ಬಸಿದು ಹಿಂಭಾಗದ ಎರಡೂ ಬಿರಡೆ ಬಿಚ್ಚಿಟ್ಟದ್ದು, ಸಿಲಿಂಡರಿಗೆ ಎಣ್ಣೆ ಸಿಂಪಡಿಸಿದ್ದು, ಪೆಟ್ರೋಲ್ ಕೆಡದಂತೆ ಔಷಧಿ ಬೆರೆಸಿದ್ದು, ಬ್ಯಾಟರಿಯನ್ನು ಮನೆಯೊಳಗೆ ತಂದಿಟ್ಟದ್ದು. ಕೊನೆಯ ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು: "ಹೊಗೆ ಕೊಳವೆಯಲ್ಲಿ ಬಟ್ಟೆ ತುರುಕಿದೆ. ತೆಗೆಯದೆ ಸ್ಟಾರ್ಟ್ ಮಾಡಬೇಡ."

ಇಲಿ ಹೋಗದಿರಲೆಂದು ತುರುಕಿದ ಬಟ್ಟೆ ಅದು. ತಂಗಿ ಆ ಸಾಲನ್ನು ಎರಡು ಸಲ ಓದಿದಳು. "ತಮಗೇ ಬರೆದುಕೊಂಡಿದ್ದಾ ಅಕ್ಕ, ನನಗಾ?" ಎಂದಳು. ನಾನು ಏನೆಂದೇನು? ಅವಳೇ ಕೈಹಾಕಿ ಬಟ್ಟೆ ಎಳೆದಳು.

ಅಲ್ಲಿಂದ ಮುಂದೆ ಅವಳನ್ನು ತಡೆಯುವವರಿರಲಿಲ್ಲ. ಸೀಟು ಎತ್ತಿದರೆ ಇಲಿಗಳು ಬೇರೆ ದಾರಿಯಿಂದ ಬಂದು ಒಣಹುಲ್ಲಿನ ಗೂಡು ಕಟ್ಟಿದ್ದವು. ಗೂಡು ಬಾಚಿ ತೆಗೆದು, ಒಂದೊಂದು ವೈರನ್ನೂ ಬೆರಳಿನಿಂದ ಸವರಿ ಕಚ್ಚಿದ ಗುರುತಿದೆಯೇ ನೋಡಿದಳು. ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜಿಗಿಟ್ಟು, ಬೆಳಿಗ್ಗೆ ಮೊದಲು ಪಾಸಿಟಿವ್, ಆಮೇಲೆ ನೆಗೆಟಿವ್ ಜೋಡಿಸಿದಳು. ಸ್ಪಾರ್ಕ್ ಪ್ಲಗ್ ಹೊಸದು ಹಾಕಿದಳು. ಇನ್ನು ಎಂಜಿನ್ ತಣಿಯಲು ತೋಟದ ಪೈಪಿನಿಂದ ನೀರು ಕೊಡಬೇಕು. ಅದಕ್ಕೊಂದು ಕ್ರಮವಿದೆ: ಮೊದಲು ಎಂಜಿನ್, ಆಮೇಲೆ ನಲ್ಲಿ; ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್. ತಿರುಗುಮುರುಗಾದರೆ ನೀರು ಹೊಗೆಯ ದಾರಿಯಿಂದ ಎಂಜಿನ್ನಿಗೇ ನುಗ್ಗುತ್ತದೆ. ನಾನು ನಲ್ಲಿಯ ಹತ್ತಿರ ನಿಂತು ಇದನ್ನೇ ಮಗ್ಗಿಯ ಹಾಗೆ ಹೇಳಿಕೊಳ್ಳುತ್ತಿದ್ದೆ. ಎಂಜಿನ್ ಕೆಮ್ಮಿ ಎದ್ದಿತು, ಗ್ಯಾರೇಜಿನ ಮುಂದೆಲ್ಲ ನೀಲಿ ಹೊಗೆ. ಹುಡುಗಿ ಹೆದರಿ ಹಿಂದಕ್ಕೆ ಸರಿದಳು. ಸಿಂಪಡಿಸಿದ ಎಣ್ಣೆ ಉರಿಯುತ್ತಿದೆ ಅಷ್ಟೇ. ಮಳೆಗಾಲ ಕಳೆದು ನಮ್ಮ ಅಡಿಕೆ ತೋಟದ ಹಳೆಯ ಪಂಪ್‌ಸೆಟ್ ಚಾಲೂ ಮಾಡಿದಾಗ ಇದಕ್ಕಿಂತ ಹೆಚ್ಚು ಹೊಗೆ ಕುಡಿದವಳು ನಾನು.

ಮೇ ಮೊದಲ ವಾರ ಟ್ರೇಲರಿನಲ್ಲಿ ಸರೋವರಕ್ಕೆ ಒಯ್ದೆವು. ಆ ರಾಜ್ಯದಲ್ಲಿ 2019ರಿಂದ ಒಂದು ಕಾನೂನು: ರಸ್ತೆಯಲ್ಲಿ ಸಾಗಿಸುವಾಗ ಬಿರಡೆಗಳು ಬಿಚ್ಚಿರಬೇಕು. ಇಲ್ಲವಾದರೆ ಒಳಗೆ ನಿಂತ ನೀರಿನೊಂದಿಗೆ ಬೇಡದ ಚಿಪ್ಪುಹುಳುಗಳು, ಕಳೆಗಳು ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುತ್ತವೆ. ಒಳ್ಳೆಯ ಕಾನೂನೇ. ಆದರೆ ದಡದಲ್ಲಿ ಮರೆಯದೆ ಬಿರಡೆ ಹಾಕಬೇಕು, ಮರೆತರೆ ವಾಹನ ನೀರು ತುಂಬಿ ಮುಳುಗುತ್ತದೆ. ಅವರು ಎರಡನ್ನೂ ಬೀಗದ ಕೈಗೇ ಕಟ್ಟಿಟ್ಟಿದ್ದರು. ಬೀಗದ ಕೈ ಹಿಡಿದವರು ಮರೆಯುವ ಹಾಗೇ ಇಲ್ಲ.

ಹುಡುಗಿ ತಾನೇ ಮೊದಲು ಓಡಿಸುತ್ತೇನೆಂದು ಹಟ ಹಿಡಿದಳು. ಅವಳು ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟ್ ಪಡೆದಿದ್ದಳು, ನಿಜ. ಆದರೆ ಬಿಸಿಲು ಹಿತವಾಗಿದ್ದರೂ ನಾನು ಕೈ ಅದ್ದಿದ ನೀರು ಮೂಳೆಯವರೆಗೂ ಕೊರೆಯಿತು. ಅಂಥ ನೀರಿಗೆ ಹಠಾತ್ತನೆ ಬಿದ್ದವರು ತಡೆಯಲಾರದೆ ಏದುಸಿರು ಎಳೆಯುತ್ತಾರೆ, ಆ ಉಸಿರಿನಲ್ಲಿ ನೀರೇ ಒಳಗೆ ಹೋಗಬಹುದು. ಈಜು ಬಂದವರಿಗೂ ಇದು ತಪ್ಪಿದ್ದಲ್ಲ. "ಜೂನ್ ಬರಲಿ, ನೀರು ಬೆಚ್ಚಗಾಗಲಿ, ಆಮೇಲೆ ನಿನ್ನದೇ" ಎಂದಳು ತಂಗಿ. ಹಾಗಾದರೆ ಮಾರುವುದಿಲ್ಲವೆಂದಾಯಿತು. ಹುಡುಗಿಯೂ ಅದನ್ನು ಗಮನಿಸಿದಳು, ಮರುಮಾತಾಡಲಿಲ್ಲ.

ತಂಗಿ ಚಳಿ ತಡೆಯುವ ರಬ್ಬರಿನ ಉಡುಪಿನ ಮೇಲೆ ಜೀವರಕ್ಷಕ ಜಾಕೆಟ್ ತೊಟ್ಟಳು. ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವ ಸುರುಳಿ ಹಗ್ಗವನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡಳು. ದಡದ ಹತ್ತಿರವೇ ಐದು ನಿಮಿಷ ಸುತ್ತಿ ಹಿಂದಿರುಗಿದಳು. ಇಳಿದವಳು ನಮ್ಮ ಕಡೆ ನೋಡಲಿಲ್ಲ. ನೇರ ಸೀಟು ಎತ್ತಿ, ಬಗ್ಗಿ, ಒಳಗೆ ಕೈಯಾಡಿಸಿದಳು.

"ಒಣಗಿದೆ ಅಕ್ಕ" ಎಂದಳು.