ಹಳೇ ಅಂಬಾಸಿಡರ್‌ಗೆ ಹೊಸ ಫಿಲ್ಟರ್: ಹತ್ತಿದ್ದೆಲ್ಲ ಕೂರಲ್ಲ

ನಮ್ಮ ಸೋಲೂರಿನಲ್ಲಿ ಹೆದ್ದಾರಿ ಪಕ್ಕ ನಿಂತರೆ ಬೆಂಗಳೂರು–ಮಂಗಳೂರು ರಸ್ತೆಯ ಎಲ್ಲ ಥರದ ಗಾಡಿಯೂ ಕಾಣುತ್ತೆ. ಅಂಬಾಸಿಡರ್ ಮಾತ್ರ ಅಪರೂಪ. ನಮ್ಮ ಮನೆಯಲ್ಲಿ ಒಂದಿದೆ, 1984ರ ಮಾರ್ಕ್ 4, ಪೆಟ್ರೋಲ್ ಗಾಡಿ. ಅಪ್ಪ ಇದನ್ನು ಬಾಡಿಗೆಗೆ ಓಡಿಸಿಯೇ ಅಕ್ಕನನ್ನೂ ನನ್ನನ್ನೂ ಓದಿಸಿದ್ದು. ಈಗಲೂ ನೆಂಟರ ಮದುವೆಗೋ ಮಾಗಡಿ ರಂಗನಾಥಸ್ವಾಮಿ ದರ್ಶನಕ್ಕೋ ಮನೆಮಂದಿ ಹೊರಡೋದು ಇದರಲ್ಲೇ.

ಈ ಗಾಡಿಯ ಆಯಿಲ್ ಫಿಲ್ಟರ್ ಬಗ್ಗೆ ಬರೆಯೋಕೆ ಕಾರಣ ಇದೆ. ಹಳೇ ಗಾಡಿ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಇದೇ ಪ್ರಶ್ನೆಗೆ ಬರುತ್ತಾರೆ: ಹಳೇ ಫಿಲ್ಟರ್ ತೆಗೆದು ಹೊಸ ಮಾದರಿ ಹಾಕಿಸಬಹುದಾ?

ಈಗಿನ ಹಲವು ಕಾರುಗಳಲ್ಲಿ ಫಿಲ್ಟರ್ ಅಂದರೆ ಒಂದು ಡಬ್ಬಿ. ಹಳೇದನ್ನು ತಿರುಗಿಸಿ ಬಿಚ್ಚಿ ಎಸೆದು, ಹೊಸದು ತಿರುಗಿಸಿದರೆ ಮುಗಿಯಿತು. ಅಂಬಾಸಿಡರ್‌ನ ಹಳೇ 1489 ಸಿಸಿ ಎಂಜಿನ್ನಿಗೆ ಉಕ್ಕಿನ ಬಟ್ಟಲು, ಅದರೊಳಗೆ ಎಲಿಮೆಂಟ್, ಇವೆರಡನ್ನೂ ಹಿಡಿದುಕೊಳ್ಳೋಕೆ ನಡುವೆ ಒಂದು ಉದ್ದನೆ ಬೋಲ್ಟು. ಬೋಲ್ಟಿನ ಮೇಲೆ ಸ್ಪ್ರಿಂಗ್, ವಾಷರ್, ತಟ್ಟೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಇವುಗಳಲ್ಲಿ ಒಂದು ಕಳೆದುಹೋದರೂ ಎಲಿಮೆಂಟ್ ಬಿಗಿಯಾಗಿ ಕೂರಲ್ಲ. ಸೋರಿಕೆ ಕಾಣಲ್ಲ, ಗಾಡಿಯೂ ಓಡುತ್ತೆ. ಆದರೆ ಎಣ್ಣೆ ಸೋಸದೆ ಪಕ್ಕದಿಂದಲೇ ಎಂಜಿನ್ನಿಗೆ ಹೋಗುತ್ತಿರುತ್ತೆ.

2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ ನಿಂತಿತು. ಆಮೇಲೆ ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಗುಜರಿಯಲ್ಲೋ ಹುಡುಕಬೇಕು. ನಮ್ಮ ಬಟ್ಟಲಿನ ಬೋಲ್ಟಿನ ಥ್ರೆಡ್ಡು ಸವೆದಿತ್ತು. ಹಾಗಾಗಿ ಅಪ್ಪ ಅಡಾಪ್ಟರ್ ಹಾಕಿಸೋದು ಅಂತ ತೀರ್ಮಾನಿಸಿದರು. ಹಳೇ ಬಟ್ಟಲು ಇರುತ್ತಿದ್ದ ಜಾಗಕ್ಕೆ ಅಡಾಪ್ಟರ್ ಕೂರಿಸಿದರೆ ಡಬ್ಬಿ ಫಿಲ್ಟರ್ ಹಾಕಬಹುದು. ಇಂಗ್ಲೆಂಡಿನ ಎಂಜಿಎ, ಎಂಜಿಬಿ ಸ್ಪೋರ್ಟ್ಸ್ ಕಾರುಗಳಲ್ಲಿದ್ದುದೂ ಇದೇ ಕುಟುಂಬದ ಬಿಎಂಸಿ ‘ಬಿ ಸೀರೀಸ್’ ಎಂಜಿನ್. ಅಲ್ಲಿ ಈ ಬದಲಾವಣೆ ಮಾಮೂಲಿ.

ಅಡಾಪ್ಟರ್ ಸಿಕ್ಕಿತು. ಅದರ ಬೋಲ್ಟಿನ ಅಳತೆ ಮುಕ್ಕಾಲು ಇಂಚು, ಇಂಚಿಗೆ 16 ಥ್ರೆಡ್ಡು. ಅಂಗಡಿಯವರು ಕೊಟ್ಟ ಫಿಲ್ಟರ್ ಮಾತ್ರ ಮೆಟ್ರಿಕ್‌ನದು, ಎಂ20. ಮೆಕ್ಯಾನಿಕ್ ಕೈಯಲ್ಲಿ ತಿರುಗಿಸಿದರು, ಸಲೀಸಾಗಿ ಹತ್ತಿತು. ಅಪ್ಪ ಅದನ್ನು ಹಿಡಿದು ಅಲ್ಲಾಡಿಸಿದರು. ಲೊಡಲೊಡ ಅಂತಿತ್ತು.

“ಟೈಟ್ ಮಾಡಿದ್ರೆ ಸರಿಹೋಗುತ್ತೆ ಬಿಡಿ ಯಜಮಾನ್ರೇ” ಅಂದರು ಮೆಕ್ಯಾನಿಕ್.

“ಹತ್ತೋದು ಬೇರೆ, ಕೂರೋದು ಬೇರೆ ಕಣಪ್ಪ. ಬಿಚ್ಚು ಅದನ್ನ” ಅಂದರು ಅಪ್ಪ.

ಲೆಕ್ಕ ಹಾಕಿ ನೋಡಿ. ಮುಕ್ಕಾಲು ಇಂಚು ಅಂದರೆ 19.05 ಮಿಲಿಮೀಟರ್. ಎಂ20 ಅಂದರೆ 20. ದಪ್ಪದಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ವ್ಯತ್ಯಾಸ. ಥ್ರೆಡ್ಡಿನಿಂದ ಥ್ರೆಡ್ಡಿಗೆ ಇರುವ ಅಂತರ ಮಾತ್ರ ಬಹಳ ಹತ್ತಿರ: ಒಂದರಲ್ಲಿ 1.59, ಇನ್ನೊಂದರಲ್ಲಿ 1.5 ಮಿಲಿಮೀಟರ್. ಅದಕ್ಕೇ ಒಂದರ ಮೇಲೊಂದು ಹತ್ತಿಬಿಡುತ್ತೆ. ಆದರೆ ಹಲ್ಲುಗಳ ತುದಿ ತುದಿ ಮಾತ್ರ ಹಿಡಿದಿರುತ್ತೆ.

ಈ ತುದಿ ಹೊರಬೇಕಾದ ಭಾರ ಎಷ್ಟು? ಎಣ್ಣೆಯ ಒತ್ತಡ 50 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಮೂರೂವರೆ ಕೆಜಿ. ಫಿಲ್ಟರಿನ ಬಾಯಿ ಆರೂವರೆ ಸೆಂಟಿಮೀಟರ್ ಅಗಲ ಇದ್ದರೆ ಅದನ್ನು ಕೀಳುವ ಬಲ ನೂರು ಕೆಜಿ ದಾಟುತ್ತೆ. ಎರಡು ಮೂಟೆ ಸಿಮೆಂಟಿನ ತೂಕ! ಬೆಳಗಿನ ಜಾವ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಒತ್ತಡ ಇನ್ನೂ ಏರುತ್ತೆ. ದಾರಿಯಲ್ಲಿ ಫಿಲ್ಟರ್ ಕಿತ್ತುಬಂದರೆ ಎಣ್ಣೆಯೆಲ್ಲ ರಸ್ತೆಗೆ. ಕೂಡಲೇ ನಿಲ್ಲಿಸದಿದ್ದರೆ ಬೇರಿಂಗ್ ಸುಟ್ಟು ಕ್ರ್ಯಾಂಕ್ ಹಾಳು. ಆ ಭಾನುವಾರ ಅಜ್ಜಿಯನ್ನು, ಅಕ್ಕನ ಮಕ್ಕಳನ್ನು ಕೂರಿಸಿಕೊಂಡು ಮಾಗಡಿಗೆ ಹೋಗೋದಿತ್ತು ನಾವು.

ಅಡಾಪ್ಟರ್ ಕೊಳ್ಳುವವರು ಇನ್ನೂ ನಾಲ್ಕು ವಿಷಯ ನೋಡಬೇಕು. ಒಂದು, ಫಿಲ್ಟರಿನ ರಬ್ಬರ್ ರಿಂಗು ಅಡಾಪ್ಟರಿನ ನಯವಾದ ಮುಖದ ಮೇಲೆ ಸುತ್ತಲೂ ಪೂರ್ತಿ ಕೂರಬೇಕು. ಎರಡು, ಅಡಾಪ್ಟರಿನ ಬೋಲ್ಟು ಪೊಳ್ಳಾಗಿರುತ್ತೆ, ಸೋಸಿದ ಎಣ್ಣೆ ಅದರೊಳಗಿಂದಲೇ ಎಂಜಿನ್ನಿಗೆ ಹೋಗೋದು. ಲೇತ್‌ನಲ್ಲಿ ಹೊಸದು ಮಾಡಿಸಿದರೆ ಒಳಗಿನ ತೂತು ಚಿಕ್ಕದಾಗಬಾರದು. ಮೂರು, ಫಿಲ್ಟರ್ ಕಟ್ಟಿಕೊಂಡಾಗ ಎಣ್ಣೆಗೆ ದಾರಿ ಬಿಡುವ ಬೈಪಾಸ್ ವಾಲ್ವು ಹಳೇ ಫಿಲ್ಟರ್ ಹೆಡ್ಡಿನಲ್ಲಿದ್ದು, ಆ ಹೆಡ್ಡನ್ನೇ ತೆಗೆಯುತ್ತಿದ್ದರೆ, ಹೊಸ ಫಿಲ್ಟರಿನೊಳಗೆ ಆ ವಾಲ್ವು ಇರಲೇಬೇಕು. ನಾಲ್ಕು, ಫಿಲ್ಟರ್ ಅಡ್ಡ ಮಲಗುವಂತಿದ್ದರೆ ಅಥವಾ ಬಾಯಿ ಕೆಳಗಾಗಿ ಕೂರುವಂತಿದ್ದರೆ, ಗಾಡಿ ನಿಂತಾಗ ಎಣ್ಣೆ ವಾಪಸ್ ಇಳಿಯದಂತೆ ತಡೆಯುವ ವಾಲ್ವು ಇರುವಂಥದ್ದನ್ನೇ ಕೇಳಿ.

ಹಳೇ ಬಟ್ಟಲನ್ನೇ ಉಳಿಸಿಕೊಂಡರೂ ತಪ್ಪಿಲ್ಲ. ಸರಿಯಾಗಿ ಜೋಡಿಸಿದರೆ ಚೆನ್ನಾಗಿಯೇ ಸೋಸುತ್ತೆ. ಪ್ರತಿ ಸಲ ಹೆಡ್ಡಿನ ಗಾಡಿಯಲ್ಲಿ ಅಂಟಿಕೊಂಡಿರುವ ಹಳೇ ರಬ್ಬರ್ ರಿಂಗನ್ನು ಸೂಜಿಯಿಂದ ಎಬ್ಬಿಸಿ ತೆಗೆಯಿರಿ. ಅದರ ಮೇಲೇ ಹೊಸದು ಹಾಕಿದರೆ ಸೋರುತ್ತೆ. ಸ್ಪ್ಯಾನರ್ ಇಂಚಿನದೇ ಇರಲಿ. ಅರ್ಧ ಇಂಚಿನ ಬೋಲ್ಟ್ ತಲೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿ ಎಳೆದೂ ಎಳೆದೂ ತಲೆ ಗುಂಡಗಾಗಿರೋ ಬೋಲ್ಟುಗಳನ್ನು ನೀವೂ ನೋಡಿರುತ್ತೀರಿ.

ಸರಿಯಾದ ಥ್ರೆಡ್ಡಿನ ಫಿಲ್ಟರ್ ಎರಡು ದಿನ ತಡವಾಗಿ ಸಿಕ್ಕಿತು. ಮಾಗಡಿಗೆ ಬಸ್ಸಿನಲ್ಲಿ ಹೋಗಿಬಂದೆವು. ಅಜ್ಜಿ ದಾರಿಯುದ್ದಕ್ಕೂ ಗೊಣಗಿದರು, ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಹೊಸ ಫಿಲ್ಟರಿನ ರಿಂಗಿಗೆ ಎಣ್ಣೆ ಸವರಿ, ರಿಂಗು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿದರು. ಎಂಜಿನ್ ಸ್ಟಾರ್ಟ್ ಮಾಡಿ ಸೋರುತ್ತಿಲ್ಲ ಅನ್ನೋದನ್ನು ನೋಡಿ, ಆಫ್ ಮಾಡಿ ಎಣ್ಣೆಯ ಮಟ್ಟ ನೋಡಿದರು. ಹಳೇ ಬಟ್ಟಲು, ಬೋಲ್ಟು, ಸ್ಪ್ರಿಂಗು, ವಾಷರ್ ಎಲ್ಲ ಒಂದು ಡಬ್ಬಕ್ಕೆ ಹಾಕಿಟ್ಟಿದ್ದಾರೆ.

ಆಮೇಲೆ ಬಾನೆಟ್ಟಿನ ಒಳಗಡೆ ಬಿಳಿ ಪೇಂಟಿನಲ್ಲಿ ಬರೆದರು: “ಫಿಲ್ಟರ್ 3/4 ಇಂಚು, 16 ಥ್ರೆಡ್. ಎಂ20 ಹಾಕಬೇಡಿ.” ಮುಂದೆ ಯಾವ ಊರಿನ, ಯಾವ ಮೆಕ್ಯಾನಿಕ್ ಬಾನೆಟ್ ಎತ್ತಿದರೂ ಕಣ್ಣಿಗೆ ಬೀಳುತ್ತೆ. ನಿಮ್ಮ ಮನೆಯಲ್ಲೂ ಅಡಾಪ್ಟರ್ ಹಾಕಿಸಿದ ಹಳೇ ಗಾಡಿ ಇದ್ದರೆ, ಅಳತೆ ಖಾತ್ರಿ ಮಾಡಿಕೊಂಡು ಹೀಗೇ ಒಂದು ಸಾಲು ಬರೆದಿಡಿ.