ಬೀಸಣಿಗೆಯ ಗುಂಡಿ

ಕೊಂಡು ತಂದ ವಸ್ತುವಿಗಿಂತ ತಾನೇ ಕಟ್ಟಿದ ವಸ್ತುವಿನ ಮೇಲೆ ಮನುಷ್ಯನಿಗೆ ಮಮತೆ ಹೆಚ್ಚು. ಅಂಗಡಿಯ ಗಾಳಿಪಟ ಹರಿದರೆ ಹುಡುಗನು ಇನ್ನೊಂದನ್ನು ಕೇಳುತ್ತಾನೆ. ತಾನೇ ಕಡ್ಡಿ ಸೀಳಿ, ಅಂಟು ಹಚ್ಚಿ ಮಾಡಿದ ಗಾಳಿಪಟ ಹರಿದರೆ ತೇಪೆ ಹಾಕಿ ಮತ್ತೆ ಹಾರಿಸುತ್ತಾನೆ. ಇಂಗ್ಲೆಂಡಿನಲ್ಲಿ ಕಾರನ್ನೇ ಹೀಗೆ ಮನೆಯಲ್ಲಿ ಕಟ್ಟಿಕೊಳ್ಳುವ ಹವ್ಯಾಸಿಗಳುಂಟು. ಬಿಡಿಭಾಗಗಳ ರೂಪದಲ್ಲಿ ದೊರೆಯುವ ಇಂಥ ವಾಹನಕ್ಕೆ ಕಿಟ್ ಕಾರು ಎಂದು ಹೆಸರು.

1957ರಲ್ಲಿ ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರು ಹೊರತಂದ ಲೋಟಸ್ ಸೆವೆನ್ ಈ ಬಗೆಯ ಕಾರುಗಳಲ್ಲಿ ಪ್ರಸಿದ್ಧವಾದುದು. ಪೂರ್ಣವಾಗಿ ಸಿದ್ಧಪಡಿಸಿದ ಕಾರಿನ ಮೇಲೆ ಆಗ ಆ ದೇಶದಲ್ಲಿ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡರೆ ಆ ಹೊರೆ ತಪ್ಪುತ್ತಿತ್ತು. 1973ರಲ್ಲಿ ತೆರಿಗೆಯ ಪದ್ಧತಿ ಬದಲಾಗಿ ಈ ಅನುಕೂಲ ಇಲ್ಲವಾಯಿತು. ಅದೇ ವರ್ಷ ಆ ಕಾರನ್ನು ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಕೈಸೇರಿತು. ಲಾಭ ಹೋಯಿತಾದರೂ ಹವ್ಯಾಸ ಹೋಗಲಿಲ್ಲ. ತನ್ನ ಕೈಯಿಂದಲೇ ಬಿಗಿದ ತಿರುಪುಗಳ ಮೇಲೆ ಕುಳಿತು ಸಾಗುವ ಸಂತೋಷಕ್ಕೆ ತೆರಿಗೆಯ ಲೆಕ್ಕ ಅಡ್ಡಿಯಾಗಲಿಲ್ಲ.

ಇಂಥ ಕಾರನ್ನು ಕಟ್ಟತೊಡಗಿದ ಗೃಹಸ್ಥನೊಬ್ಬನು ಎರಡು ಚಳಿಗಾಲಗಳ ಸಂಜೆಗಳನ್ನು ತನ್ನ ಗ್ಯಾರೇಜಿನಲ್ಲಿ ಕಳೆದನು. ಹನ್ನೆರಡು ವರ್ಷದ ಮಗಳು ಸ್ಪ್ಯಾನರುಗಳನ್ನು ಎತ್ತಿಕೊಡುತ್ತಿದ್ದಳು. ಚೌಕಟ್ಟು, ಚಕ್ರ, ಎಂಜಿನು ಎಲ್ಲವೂ ತಮ್ಮ ತಮ್ಮ ಸ್ಥಾನವನ್ನು ಸೇರಿದ ಮೇಲೆ ಒಂದು ಸಣ್ಣ ಪ್ರಶ್ನೆ ಉಳಿಯಿತು. ರೇಡಿಯೇಟರಿನ ಬೀಸಣಿಗೆಯನ್ನು ನಡೆಸುವವರು ಯಾರು? ಚಾಲಕನೊ, ಯಂತ್ರವೊ?

ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರಗಳನ್ನು ಉರುಳಿಸಲು ಒದಗುವುದು ಅಲ್ಪ ಭಾಗ ಮಾತ್ರ. ಮಿಕ್ಕುದೆಲ್ಲ ಶಾಖವಾಗಿ ಹೋಗುತ್ತದೆ. ಅದರಲ್ಲಿ ಒಂದು ಪಾಲನ್ನು ಎಂಜಿನಿನ ಸುತ್ತ ಹರಿಯುವ ನೀರು ಹೊತ್ತುಕೊಂಡು ರೇಡಿಯೇಟರಿಗೆ ಬರುತ್ತದೆ; ಅಲ್ಲಿ ಗಾಳಿಗೆ ಒಡ್ಡಿಕೊಂಡು ತಣ್ಣಗಾಗಿ ಹಿಂದಿರುಗುತ್ತದೆ. ಕಾರು ಓಡುತ್ತಿರುವಾಗ ಎದುರುಗಾಳಿಯೇ ಸಾಕು. ಕಾರು ನಿಂತಿತೆಂದರೆ ಗಾಳಿಯೂ ನಿಂತಿತು. ಆಗಲೇ ಬೀಸಣಿಗೆ ಬೇಕು. ಹಳೆಯ ಕಾರುಗಳಲ್ಲಿ ಎಂಜಿನೇ ಒಂದು ಪಟ್ಟಿಯ ಮೂಲಕ ಅದನ್ನು ತಿರುಗಿಸುತ್ತಿತ್ತು. ಆದುದರಿಂದ ಅದು ವೇಗದ ಓಟದಲ್ಲಿ, ಎಂದರೆ ಬೇಡವಾದಾಗ, ಜೋರಾಗಿ ತಿರುಗುತ್ತಿತ್ತು. ನಿಂತಾಗ, ಎಂದರೆ ಬೇಕಾದಾಗ, ಮೆಲ್ಲನೆ ತಿರುಗುತ್ತಿತ್ತು. ವಿದ್ಯುತ್ ಬೀಸಣಿಗೆ ಈ ಕೊರತೆಯನ್ನು ನೀಗಿಸಿತು. ಆದರೆ ಅದನ್ನು ಸಕಾಲದಲ್ಲಿ ಹಚ್ಚಿ ಆರಿಸುವ ಕೆಲಸ ಹೊಸದಾಗಿ ಹುಟ್ಟಿತು.

ಅದಕ್ಕೆ ಇರುವ ದಾರಿಗಳು ಎರಡು. ಚಾಲಕನ ಮುಂದೆ ಒಂದು ಗುಂಡಿಯನ್ನು ಇಡುವುದು ಒಂದು. ನೀರಿನ ಶಾಖವನ್ನು ಅರಿತು ತಾನಾಗಿಯೇ ಮುಚ್ಚಿ ತೆರೆಯುವ ಸ್ವಿಚ್ಚನ್ನು ರೇಡಿಯೇಟರಿನಲ್ಲಿ ಕೂಡಿಸುವುದು ಇನ್ನೊಂದು. ಇಂಥ ಸ್ವಿಚ್ಚಿನೊಳಗೆ ಎರಡು ಲೋಹಗಳನ್ನು ಬೆಸೆದ ತೆಳುಬಿಲ್ಲೆಯೊಂದು ಇರುವುದುಂಟು. ಕಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಬಿಲ್ಲೆ ಬಾಗುತ್ತದೆ, ವಿದ್ಯುತ್ತಿಗೆ ದಾರಿ ತೆರೆಯುತ್ತದೆ. 18ನೆಯ ಶತಮಾನದಲ್ಲಿ ಜಾನ್ ಹ್ಯಾರಿಸನ್ ಎಂಬ ಗಡಿಯಾರ ತಯಾರಕನು ಹಡಗಿನ ಗಡಿಯಾರಕ್ಕಾಗಿ ಕಂಡುಹಿಡಿದ ಉಪಾಯವಿದು. ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಬೀಸಣಿಗೆ ಹೊರಟರೆ, 88ರ ಆಸುಪಾಸಿಗೆ ಇಳಿದ ಮೇಲೆ ನಿಲ್ಲುತ್ತದೆ. ನಡುವೆ ಈ ಅಂತರವಿಲ್ಲದಿದ್ದರೆ ಅದು ಕ್ಷಣಕ್ಕೊಮ್ಮೆ ಹೊರಟು ಕ್ಷಣಕ್ಕೊಮ್ಮೆ ನಿಲ್ಲುತ್ತಿತ್ತು.

ಗೃಹಸ್ಥನು ಗುಂಡಿಯನ್ನೇ ಆರಿಸಿಕೊಂಡನು. “ನಾನೇ ಕಟ್ಟಿದ ಕಾರು. ಇದರ ಕಾವು ನನಗಿಂತ ಒಂದು ಬಿಲ್ಲೆಗೆ ಚೆನ್ನಾಗಿ ತಿಳಿದೀತೆ?” ಎಂಬುದು ಅವನ ವಾದವಾಗಿತ್ತು. ಆ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಮುಂದಿನ ತಿರುವಿನಲ್ಲಿ ವಾಹನಗಳು ಸಾಲುಗಟ್ಟಿ ನಿಂತಿರುವುದನ್ನು ಚಾಲಕನು ದೂರದಿಂದಲೇ ಕಂಡು, ನೀರು ಕಾಯುವ ಮೊದಲೇ ಗುಂಡಿಯನ್ನು ಒತ್ತಬಲ್ಲನು. ಬಿಲ್ಲೆಗೆ ಮುನ್ನೋಟವಿಲ್ಲ; ಕಾದ ಮೇಲೆ ಮಾತ್ರ ಅದಕ್ಕೆ ಅರಿವು.

ಬೇಸಗೆಯ ಒಂದು ದಿನ ತಂದೆ ಮಗಳು ಸಮುದ್ರತೀರಕ್ಕೆ ಹೊರಟರು. ದಾರಿಯಲ್ಲಿ ವಾಹನಗಳ ಸಾಲು ನಿಂತಿತು. ಮಗಳು ಶಾಲೆಯ ನಾಟಕದ ಕಥೆಯನ್ನು ಹೇಳುತ್ತಿದ್ದಳು. ತಂದೆ ನಗುತ್ತ ಕೇಳುತ್ತಿದ್ದನು. ಶಾಖಮಾಪಕದ ಮುಳ್ಳು ಏರಿದುದನ್ನು ಇಬ್ಬರೂ ನೋಡಲಿಲ್ಲ. ನೋಡುವ ಹೊತ್ತಿಗೆ ಮುಚ್ಚಳದ ಅಂಚಿನಿಂದ ಹಬೆ ಬುಸುಗುಟ್ಟುತ್ತಿತ್ತು. ತಂದೆ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನನ್ನು ಆರಿಸಿದನು. ಅಷ್ಟರಲ್ಲಿ ಮಗಳು ಕೆಳಗಿಳಿದು, ನೀರು ತುಂಬಬೇಕೆಂದು, ಬಟ್ಟೆ ಹಿಡಿದು ಮುಚ್ಚಳಕ್ಕೆ ಕೈಹಾಕಿದಳು. ತಂದೆ ಓಡಿಬಂದು ಆ ಕೈಯನ್ನು ಹಿಂದಕ್ಕೆ ಸೆಳೆದನು.

ಅವನು ಬೆದರಿದುದಕ್ಕೆ ಕಾರಣವಿತ್ತು. ಒತ್ತಡ ಹೆಚ್ಚಿದಂತೆ ನೀರಿನ ಕುದಿಬಿಂದುವೂ ಏರುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದು ಇದರಿಂದಲೇ. ರೇಡಿಯೇಟರಿನ ಬಿಗಿಮುಚ್ಚಳವೂ ಹೀಗೆಯೇ ಒತ್ತಡವನ್ನು ಹಿಡಿದಿಟ್ಟು, ನೀರು 100 ಡಿಗ್ರಿ ದಾಟಿದರೂ ಕುದಿಯದಂತೆ ಕಾಯುತ್ತದೆ. ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆದರೆ ಒತ್ತಡ ಥಟ್ಟನೆ ಇಳಿದು, ನೀರು ಒಮ್ಮೆಲೇ ಕುದಿದು, ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಎಂಜಿನು ಕೆಟ್ಟರೆ ಸರಿಪಡಿಸಬಹುದು. ಸುಟ್ಟ ಮುಖಕ್ಕೆ ಬಿಡಿಭಾಗ ದೊರೆಯದು. ಮುಚ್ಚಳ ತಣ್ಣಗಾಗುವವರೆಗೆ ಇಬ್ಬರೂ ರಸ್ತೆಯ ಬದಿಯ ಹುಲ್ಲಿನ ಮೇಲೆ ಮಾತಿಲ್ಲದೆ ಕುಳಿತಿದ್ದರು. ಕಾರನ್ನು ಬಲ್ಲವನಿಗೂ ಮರೆವು ಉಂಟೆಂಬುದು ತಂದೆಗೆ ಅಂದು ಮನದಟ್ಟಾಯಿತು.

ಮನುಷ್ಯನು ತನ್ನ ಮರೆವನ್ನು ಅರಿತು ಕಾವಲನ್ನು ಯಂತ್ರಕ್ಕೆ ಒಪ್ಪಿಸಿದುದು ಇದೇ ಮೊದಲಲ್ಲ. ಉಗಿಯಂತ್ರದ ವೇಗವು ಅಂಕೆ ಮೀರದಂತೆ ತಡೆಯಲು ಜೇಮ್ಸ್ ವ್ಯಾಟ್ 1788ರಲ್ಲಿ ಸುತ್ತುವ ಗುಂಡುಗಳ ನಿಯಂತ್ರಕವನ್ನು ಅಳವಡಿಸಿದನು. ಕನ್ನಡ ನಾಡಿನ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಜೋಡಿಸಲಾಯಿತು. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಅವು ತಾವಾಗಿ ತೆರೆದು ಹೆಚ್ಚಿನ ನೀರನ್ನು ಬಿಡುತ್ತಿದ್ದವು. ಮಟ್ಟ ಇಳಿದಾಗ ತಾವಾಗಿ ಮುಚ್ಚುತ್ತಿದ್ದವು. ನಡುರಾತ್ರಿ ಹೊಳೆ ಉಕ್ಕಿದರೆ ಅವನ್ನು ಯಾರೂ ಎಬ್ಬಿಸಬೇಕಾಗಿರಲಿಲ್ಲ.

ಗೃಹಸ್ಥನು ಸ್ವಯಂಚಾಲಿತ ಸ್ವಿಚ್ಚೊಂದನ್ನು ತಂದನು. ಗುಂಡಿಯನ್ನು ಕಿತ್ತುಹಾಕಲು ಹೊರಟಾಗ ಮಗಳು ಕೇಳಿದಳು: “ಅಪ್ಪಾ, ಇದೂ ಮರೆತರೆ?”

ತಂದೆಯ ಕೈ ತಡೆಯಿತು. ಸ್ವಿಚ್ಚು ಮರೆಯುವುದಿಲ್ಲ, ನಿಜ, ಆದರೆ ಕೆಡುತ್ತದೆ. ತಂತಿಗೆ ಕಿಲುಬು ಹಿಡಿದರೆ ಅದು ಸದ್ದಿಲ್ಲದೆ ಸುಮ್ಮನಾಗುತ್ತದೆ. ನೀರು ಸೋರಿ ಮಟ್ಟ ಇಳಿದರೆ ಸ್ವಿಚ್ಚಿಗೆ ನೀರಿನ ಸ್ಪರ್ಶವೇ ಇರುವುದಿಲ್ಲ. ಎಂಜಿನು ಸುಡುತ್ತಿದ್ದರೂ ಅದಕ್ಕೆ ತಿಳಿಯದೆ ಹೋಗಬಹುದು. ಮರೆಯುವ ಮನುಷ್ಯನಾದರೂ ಎಚ್ಚರಿಸಿದರೆ ಎಚ್ಚರಗೊಳ್ಳುತ್ತಾನೆ. ಕೆಟ್ಟ ಸ್ವಿಚ್ಚು ತಾನು ಕೆಟ್ಟಿದ್ದೇನೆಂದು ಹೇಳುವುದಿಲ್ಲ.

ಕೊನೆಗೆ ಅವನು ಎರಡನ್ನೂ ಉಳಿಸಿದನು. ಸ್ವಿಚ್ಚು, ಗುಂಡಿ ಇವುಗಳಲ್ಲಿ ಯಾವುದು ಒಪ್ಪಿದರೂ ವಿದ್ಯುತ್ತು ಹರಿಯುವಂತೆ ತಂತಿಗಳನ್ನು ಅಕ್ಕಪಕ್ಕದಲ್ಲಿ ಎರಡು ದಾರಿಗಳಾಗಿ ಜೋಡಿಸಿದನು. ಬೀಸಣಿಗೆಯನ್ನು ಮೊದಲೇ ಹೊರಡಿಸುವ ಅಧಿಕಾರ ಕೈಗೆ ಉಂಟು. ಸ್ವಿಚ್ಚು ಹೊರಡಿಸಿದುದನ್ನು ನಿಲ್ಲಿಸುವ ಅಧಿಕಾರ ಕೈಗೆ ಇಲ್ಲ. ಹೀಗಾಗಿ ಯಂತ್ರದ ಕೊರತೆಯನ್ನು ಮನುಷ್ಯನು ತುಂಬಬಲ್ಲನು. ಮನುಷ್ಯನ ಮರೆವು ಯಂತ್ರದ ಕೆಲಸವನ್ನು ಕೆಡಿಸಲಾರದು. ಇಷ್ಟಕ್ಕೇ ಬಿಡದೆ ಅವನು ಶಾಖಮಾಪಕದ ಪಕ್ಕದಲ್ಲಿ ಒಂದು ಚಿಕ್ಕ ದೀಪವನ್ನಿಟ್ಟನು. ಬೀಸಣಿಗೆಗೆ ವಿದ್ಯುತ್ತು ಹರಿದಾಗ ಅದು ಬೆಳಗುತ್ತದೆ. ಮುಳ್ಳು ಏರಿದರೂ ದೀಪ ಬೆಳಗದಿದ್ದರೆ ಸ್ವಿಚ್ಚು ಸೋತಿದೆ ಎಂದೇ ಅರ್ಥ.

ಕೆಲಸವನ್ನು ಯಂತ್ರಕ್ಕೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ಮೊದಲು ನೀರನ್ನು ಕಾಯುತ್ತಿದ್ದ ಕಣ್ಣು ಈಗ ನೀರನ್ನು ಕಾಯುವ ಯಂತ್ರವನ್ನು ಕಾಯಬೇಕು.

ಮುಂದಿನ ಬೇಸಗೆಯಲ್ಲಿ ಅವರು ಅದೇ ದಾರಿಯಲ್ಲಿ ಹೋದರು. ವಾಹನಗಳ ಸಾಲು ಮತ್ತೆ ನಿಂತಿತು. ಮುಳ್ಳು ಮೆಲ್ಲನೆ ಏರಿತು. ಮಗಳು ಮಾತನ್ನು ನಡುವೆಯೇ ನಿಲ್ಲಿಸಿ, “ಅಪ್ಪಾ, ದೀಪ ಹೊತ್ತಿತು” ಎಂದಳು. ತಂದೆ ತಲೆದೂಗಿದನು, ಆದರೂ ಮುಳ್ಳು ಇಳಿಯತೊಡಗುವವರೆಗೆ ಗುಂಡಿಯ ಮೇಲಿಂದ ಬೆರಳನ್ನು ತೆಗೆಯಲಿಲ್ಲ.